‘ಪೋರಂಬೋಕು’ ಅಂತ ಬೈದ್ರೆ ಬೈದಿದ್ದು ಯಾರಿಗೆ?

ನಮಸ್ಕಾರ. “ಹಾಡು ಕಟ್ಟಿ ವಿಡಿಯೋ ಬಿಟ್ರೆ ಕೆರೆ ಉಳಿಯುತ್ತೇನೋ?” ಅಂತ ಗೆಳೆಯನೊಬ್ಬ ಕಿಚಾಯಿಸಿದ. ಅದಕ್ಕೆ ಇವತ್ತಿನ ವಿಡಿಯೋ.

ಮೊದಲ ಅಧ್ಯಾಯ ಬೇಗ ಮುಗಿಸ್ತೀನಿ. ಕೊಡೈಕೆನಾಲ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್‌ನ ಥರ್ಮಾಮೀಟರ್ ಕಾರ್ಖಾನೆ ಇತ್ತು. ಪಾದರಸದ ತ್ಯಾಜ್ಯದ ಗಲಾಟೆಯಾಗಿ 2001ರಲ್ಲಿ ಮುಚ್ಚಿತು. ಜುಲೈ 2015ರಲ್ಲಿ ಚೆನ್ನೈನ ಹುಡುಗಿ ಸೋಫಿಯಾ ಅಶ್ರಫ್ ಅದರ ಮೇಲೊಂದು ರ‍್ಯಾಪ್ ಹಾಡಿದ್ರು, ರತೀಂದ್ರನ್ ಪ್ರಸಾದ್ ಅದರ ವಿಡಿಯೋ ನಿರ್ದೇಶಿಸಿದ್ರು. ಧಾಟಿ ಅಮೆರಿಕದ ರ‍್ಯಾಪರ್ ನಿಕಿ ಮಿನಾಜ್‌ದು, ಆಕೆಯೇ ಅದನ್ನ ಟ್ವೀಟ್ ಮಾಡಿದ್ರು! ಮಾರ್ಚ್ 2016ರಲ್ಲಿ ಕಂಪನಿ 591 ಮಾಜಿ ಕಾರ್ಮಿಕರ ಜೊತೆ ಪರಿಹಾರದ ಒಪ್ಪಂದಕ್ಕೆ ಬಂತು. ಹಾಡೇ ಗೆಲ್ಲಿಸ್ತು ಅಂದ್ರೆ ವರ್ಷಗಟ್ಟಲೆ ಕೋರ್ಟು ಅಲೆದವರಿಗೆ ಅನ್ಯಾಯ. ಆದ್ರೆ ಅಲ್ಲಿವರೆಗೆ ಕೊಡೈ ಅಂದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಹನಿಮೂನ್ ಅಷ್ಟೇ ತಾನೆ?

ನನ್ನ ತಲೆ ಕೆಡಿಸಿದ್ದು ಅದೇ ರತೀಂದ್ರನ್ 2017ರ ಜನವರಿಯಲ್ಲಿ ತಂದ ಇನ್ನೊಂದು ಹಾಡು: ಚೆನ್ನೈ ಪೊರಂಬೋಕ್ಕು ಪಾಡಲ್. ಬರೆದವರು ಕಬೇರ್ ವಾಸುಕಿ, ಹಾಡಿದವರು ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ. ಸಭಾಂಗಣ ಇಲ್ಲ, ಚೆನ್ನೈ ಪಕ್ಕದ ಎಣ್ಣೂರು ಹಿನ್ನೀರಿನ ಬಯಲು. ಥರ್ಮಲ್ ಸ್ಥಾವರದ ಹಾರುಬೂದಿ ಬಿದ್ದ ಜಾಗದಲ್ಲಿ ಆನಂದಭೈರವಿ ರಾಗ, ಅದೂ ಚೆನ್ನೈ ಬೀದಿಯ ತಮಿಳಲ್ಲಿ!

ಪೊರಂಬೋಕ್ಕು ಅಂದ್ರೆ ಕಂದಾಯದ ಲೆಕ್ಕದಿಂದ ಹೊರಗಿರೋ ಜಾಗ: ಕೆರೆ, ಹೊಳೆದಂಡೆ, ಗೋಮಾಳ. ಯಾರ ಸ್ವಂತದ್ದೂ ಅಲ್ಲ, ಊರಿಗೆಲ್ಲ ಸೇರಿದ್ದು. ಅದೇ ಪದ ಈಗ ‘ಕೆಲಸಕ್ಕೆ ಬಾರದವನು’ ಅನ್ನೋ ಬೈಗುಳ. ಬೆಂಗಳೂರಲ್ಲೂ ಬೈತೀವಿ.

ತಮಿಳರನ್ನ ನೋಡಿ ನಗಬೇಡಿ. ನಿಮ್ಮೂರಿನ ಪಹಣಿ ತೆಗೀರಿ. (ತೆರೆ ಮೇಲೆ ಪಹಣಿ, ಬೆರಳು ವಿಸ್ತೀರ್ಣದ ಕಾಲಂ ಮೇಲೆ.) ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು ಅ’, ‘ಫೂಟ್ ಖರಾಬು ಬ’. ‘ಅ’ ಅಂದ್ರೆ ಉಳುಮೆಗೆ ಬಾರದ್ದು. ‘ಬ’ ಅಂದ್ರೆ ದಾರಿ, ಹಳ್ಳ, ಸ್ಮಶಾನ, ಹೀಗೆ ಸಾರ್ವಜನಿಕರಿಗೆ ಬಿಟ್ಟಿದ್ದು. ಅಲ್ಲ ಸ್ವಾಮಿ, ನೀರು ಹರಿಯೋ ಹಳ್ಳಕ್ಕೆ ನಾವಿಟ್ಟ ಹೆಸರು ಖರಾಬು, ಅಂದ್ರೆ ‘ಕೆಟ್ಟದ್ದು’! ತೆರಿಗೆ ಹುಟ್ಟದ ಮಣ್ಣೆಲ್ಲ ದಂಡ ಅನ್ನೋ ಗುಮಾಸ್ತನ ಕಣ್ಣು ನಮ್ಮ ನಾಲಗೆಗೂ ಅಂಟಿಕೊಂಡಿದೆ.

ಎಡಿಟರ್ ಗಡಿಯಾರ ತೋರಿಸ್ತಿದ್ದಾನೆ. ಉಳಿದಿದ್ದು ಒಂದೇ ಉಸಿರಲ್ಲಿ: 2018ರಲ್ಲಿ ಕೊಡೈ ಹಾಡಿನ ಎರಡನೇ ಭಾಗ ಬಂತು, ಸೋಫಿಯಾ ಜೊತೆ ಕೃಷ್ಣ. ಈ ಸಲದ ತಕರಾರು ಪರಿಹಾರದ್ದಲ್ಲ, ಪಾದರಸ ಸೇರಿದ ಮಣ್ಣಿಂದು: ಯೂನಿಲಿವರ್‌ನ ತವರು ಬ್ರಿಟನ್ನಲ್ಲಾದ್ರೆ ಮಾಡಬೇಕಾದಷ್ಟು ಶುಚಿ ಇಲ್ಲಿ ಯಾಕೆ ಬೇಡ ಅಂತ.

ಆ ಪಹಣಿ ನೋಡಿದ್ಮೇಲೆ ‘ಬ’ ಖರಾಬು ಎಷ್ಟು ಗುಂಟೆ ಇದೆ, ಈಗ ಅದರ ಮೇಲೆ ಏನು ಎದ್ದಿದೆ ಅಂತ ಕಾಮೆಂಟಲ್ಲಿ ಹಾಕಿ.