ಮಲೆನಾಡಿನ ಚಳಿಯಲ್ಲಿ ಇಗ್ವಾನಾಕ್ಕೊಂದು ಗೂಡು

ಕೇಳುಗರಿಗೆ ನಮಸ್ಕಾರ.

ಮೂಡಿಗೆರೆ, ಸಕಲೇಶಪುರದ ಕಡೆ ಆಷಾಢದ ಜಡಿಮಳೆ ಹಿಡಿದಾಗ, ಸಾಕಿದ ಇಗ್ವಾನಾ, ಅಂದರೆ ಸೊಪ್ಪು ತಿನ್ನುವ ದೊಡ್ಡ ಹಲ್ಲಿ ಜಾತಿಯ ಪ್ರಾಣಿ, ಸೊಪ್ಪು ಮುಟ್ಟದೆ ಮುದುಡಿ ಕೂತರೆ ಮೊದಲು ಗೂಡಿನ ಥರ್ಮಾಮೀಟರ್ ನೋಡಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಪ್ರಾಣಿಗೆ ಮೈಕಾವು ಹೊರಗಿನಿಂದಲೇ ಬರಬೇಕು. ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದಿಲ್ಲ.

ಅಂಗೈಯಲ್ಲಿ ಹಿಡಿಸುವ ಮರಿ ಕೆಲವೇ ವರ್ಷಗಳಲ್ಲಿ ಬಾಲ ಸೇರಿ 5 ಅಡಿ ದಾಟುತ್ತದೆ. ಗೂಡು 6 ಅಡಿ ಎತ್ತರ, 6 ಅಡಿ ಉದ್ದ, 3 ಅಡಿ ಅಗಲಕ್ಕಿಂತ ಕಡಿಮೆ ಬೇಡ. ಮರದ ಮೇಲೆ ಬದುಕುವ ಜೀವಿ, ಎತ್ತರದಲ್ಲಿ ಜಿಪುಣತನ ಸಲ್ಲದು. ನಾಲ್ಕೂ ಕಡೆ ಜಾಲರಿ ಹಾಕಿದರೆ ನಮ್ಮ ಹವೆಯಲ್ಲಿ ಕಾವು ನಿಲ್ಲುವುದಿಲ್ಲ. ಮೂರು ಬದಿಗೆ ನೀರು ತಡೆಯುವ ಪ್ಲೈವುಡ್, ಮುಂದೆ ಗಾಜಿನ ಬಾಗಿಲು, ಗಾಳಿಗೆ ಕೆಳಗೊಂದು ಮೇಲೊಂದು ಜಾಲರಿ ಕಿಂಡಿ ಇರಲಿ. ನೆಲಕ್ಕೆ ಹಳೆಯ ಪೇಪರ್ ಸಾಕು. ಮರಳು, ತೆಂಗಿನ ನಾರಿನ ಪುಡಿ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು.

ಕೂರುವ ಕೊಂಬೆ ಪ್ರಾಣಿಯ ಮೈಯಷ್ಟು ದಪ್ಪ ಇರಬೇಕು. ತೋಟದಲ್ಲಿ ಕಡಿದು ಬಿದ್ದ ಕೊಂಬೆ ತರುವವರಿಗೆ ಒಂದು ಎಚ್ಚರಿಕೆ: ಅದರ ಮೇಲೆ ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬಿದ್ದಿರಬಹುದು, ಆ ದ್ರಾವಣದಲ್ಲಿ ವಿಷಕಾರಿ ಮೈಲುತುತ್ತ ಇದೆ. ಇಗ್ವಾನಾ ಹೊಸದೆಲ್ಲವನ್ನೂ ನಾಲಿಗೆ ಚಾಚಿ ಮುಟ್ಟಿಯೇ ತಿಳಿಯುವುದು. ಔಷಧಿ ಹೊಡೆಯದ ಹಿತ್ತಲಿನ ಸೀಬೆ ಕೊಂಬೆಯೇ ವಾಸಿ.

ಕಾವು ಕಾಯುವ ಕೊಂಬೆಯ ಮೇಲೆ 35ರಿಂದ 38 ಡಿಗ್ರಿ, ತಂಪಿನ ತುದಿಯಲ್ಲಿ 26ರಿಂದ 28, ರಾತ್ರಿ 23ಕ್ಕಿಂತ ಇಳಿಯಬಾರದು. ಹಗಲಿಗೆ ಹ್ಯಾಲೊಜೆನ್ ಬಲ್ಬ್, ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್, ಎರಡಕ್ಕೂ ತಂತಿ ಬಲೆಯ ಮುಚ್ಚಳ, ಜೊತೆಗೆ ಕಾವು ಅಳೆದು ಹೀಟರನ್ನು ತಾನೇ ಹೊತ್ತಿಸಿ ಆರಿಸುವ ಥರ್ಮೋಸ್ಟಾಟ್. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಥರ್ಮೋಸ್ಟಾಟಿನ ಸೆನ್ಸರ್ ಜಾರಿ ನೆಲಕ್ಕೆ ಬಿದ್ದರೆ ಅದು ತಣ್ಣನೆಯ ನೆಲವನ್ನೇ ಅಳೆಯುತ್ತದೆ, ಹೀಟರ್ ಆರುವುದೇ ಇಲ್ಲ, ಮೇಲೆ ಕೂತ ಪ್ರಾಣಿಯ ಬೆನ್ನು ಸುಡುತ್ತದೆ. ಸೆನ್ಸರನ್ನು ಕೊಂಬೆಯ ಮಟ್ಟದಲ್ಲೇ ಬಿಗಿಯಾಗಿ ಕಟ್ಟಿ. ಬಿಸಿ ಕಲ್ಲು ಎಂದು ಮಾರುವ ವಸ್ತುವನ್ನಂತೂ ಕೊಳ್ಳಲೇಬೇಡಿ, ಅದು ಹೊಟ್ಟೆ ಸುಡುತ್ತದೆ.

ಕಾವಿನಷ್ಟೇ ಮುಖ್ಯ ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಕೊಡುವ ದೀಪ. ಆ ಕಿರಣವಿಲ್ಲದೆ ವಿಟಮಿನ್ ಡಿ3 ಆಗದು, ಸುಣ್ಣದಂಶ ಮೈಗೆ ಹತ್ತದು. ದವಡೆ ಮೆತ್ತಗಾಗಿ ಕೈಕಾಲು ನಡುಗುತ್ತವೆ. ಕಿಟಕಿ ಗಾಜಿನ ಬಿಸಿಲನ್ನು ನಂಬಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಟ್ಯೂಬ್ ಕೊಂಬೆಯಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ದಿನಕ್ಕೆ 12 ಗಂಟೆ ಉರಿಯಲಿ. ಬೆಳಕು ಕಾಣುತ್ತಿದ್ದರೂ ಕಿರಣ ಕುಂದಿರುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ಕರೆಂಟ್ ಹೋದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಗೂಡಿನೊಳಗಿಡಿ. ಇನ್ನು ಕಾನೂನಿನ ಮಾತು: 2024ರ ನಿಯಮದಂತೆ ಇಗ್ವಾನಾವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ನಮ್ಮ ಕಾಡಿನ ಉಡವನ್ನು ಹಿಡಿದು ಸಾಕುವುದು ಅಪರಾಧ.

ಮರಿ ತರುವ ಮೊದಲು ಖಾಲಿ ಗೂಡಿನಲ್ಲಿ ಒಂದು ವಾರ ಬಲ್ಬ್, ಹೀಟರ್ ಉರಿಸಿ, ಬೆಳಗಿನ ಜಾವ 5 ಗಂಟೆಗೆ ಎದ್ದು ಡಿಗ್ರಿ ಬರೆದಿಡಿ. ಒಂದೇ ಒಂದು ದಿನ 23ಕ್ಕಿಂತ ಕೆಳಗೆ ತೋರಿಸಿದರೂ ಹೀಟರ್ ಸಾಲದು, ಇಲ್ಲವೇ ಎಲ್ಲೋ ಸಂದಿಯಿದೆ. ಅದನ್ನು ಹುಡುಕಿ ಮುಚ್ಚಿದ ಮೇಲೆ ಮರಿ ಬರಲಿ.