ಮೂವರ ತರ್ಕವೂ ಸರಿ, ಮೂವರೂ ಸೇರಿದರೆ ತಪ್ಪು!

ನಮಸ್ಕಾರ. ನೋಡುಗರೊಬ್ಬರು ಕೇಳಿದ ಪ್ರಶ್ನೆ ಇದು: ಸರಿಯಾಗಿ ಯೋಚಿಸುವ ಮೂರು ಜನ ಸೇರಿದರೆ, ಆ ಗುಂಪೂ ಸರಿಯಾಗಿಯೇ ಯೋಚಿಸಬೇಕು ಅಲ್ವಾ?

1785ರಲ್ಲೇ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ಗುಂಪಿನ ಪರವಾಗಿ ಲೆಕ್ಕ ಕೊಟ್ಟಿದ್ದ. ಪ್ರತಿಯೊಬ್ಬರೂ ನೂರಕ್ಕೆ 60 ಸಲ ಸರಿ ಹೇಳುವವರು, ಒಬ್ಬರನ್ನು ನೋಡಿ ಇನ್ನೊಬ್ಬರು ಹೇಳುವುದಿಲ್ಲ ಅಂದುಕೊಳ್ಳಿ. ಮೂವರ ಬಹುಮತ ಸುಮಾರು 65 ಸಲ ಸರಿ. 101 ಜನರದ್ದು ಸುಮಾರು 98 ಸಲ! ಆದರೆ ಅದು ಒಂದೇ ಪ್ರಶ್ನೆಯ ಮಾತು. ಒಂದು ಉತ್ತರದ ಮೇಲೆ ಇನ್ನೊಂದು ನಿಂತಿದ್ದರೆ?

ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಕಾರ್ನ್‌ಹೌಸರ್ ಮತ್ತು ಸೇಗರ್ ಬೆರಳಿಟ್ಟು ತೋರಿಸಿದ್ದು ಇಲ್ಲೇ. ಅವರು ಹೇಳಿದ್ದನ್ನು ಒಂದು ಕಟ್ಟುಕತೆಯಲ್ಲಿ ನೋಡೋಣ.

ಮನೆ ಮಾಲೀಕ ಗುತ್ತಿಗೆದಾರನ ಮೇಲೆ ಕೇಸು ಹಾಕಿದ್ದಾನೆ. ಮೂವರು ನ್ಯಾಯಾಧೀಶರು. ಕರಾರು ಆಗಿತ್ತಾ? ಗುತ್ತಿಗೆದಾರ ಕೊಟ್ಟ ಮಾತು ಮುರಿದನಾ? ಎರಡೂ ಹೌದಾದರೆ ಮಾತ್ರ ಪರಿಹಾರ.

[ಪರದೆಯ ಮೇಲೆ ಮೂರು ಸಾಲು, ಒಂದೊಂದಾಗಿ]

ಮೊದಲನೆಯವರು: ಕರಾರು ಆಗಿತ್ತು, ಮುರಿದ. ಪರಿಹಾರ ಕೊಡಲಿ.
ಎರಡನೆಯವರು: ಆಗಿತ್ತು, ಆದರೆ ಮುರಿದಿಲ್ಲ. ಪರಿಹಾರ ಬೇಡ.
ಮೂರನೆಯವರು: ಗುತ್ತಿಗೆದಾರ ಮಾತು ಮುರಿದ ನಿಜ, ಆದರೆ ಅದು ಕರಾರೇ ಅಲ್ಲ. ಬೇಡ.

ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, ಯಾರ ಮಾತಲ್ಲೂ ತಪ್ಪಿಲ್ಲ. ಈಗ ಮೇಲಿಂದ ಕೆಳಗೆ ಎಣಿಸಿ. ಕರಾರು ಆಗಿತ್ತು: ಇಬ್ಬರು. ಮುರಿದ: ಇಬ್ಬರು. ಹಾಗಾದರೆ ಪರಿಹಾರ ಸಿಗಬೇಕು. ಬೇಡ ಅಂದವರು? ಅವರೂ ಇಬ್ಬರು! ಇನ್ನೊಂದು ಸಲ ಎಣಿಸಿ ನೋಡಿ, ವಿಡಿಯೋ ನಿಲ್ಲಿಸಿಯಾದರೂ ಸರಿ. ನಾನು ಮೊದಲ ಸಲ ಕಾಗದದ ಮೇಲೆ ಬರೆದುಕೊಂಡೇ ನಂಬಿದ್ದು.

ಎಣಿಕೆ ಬದಲಿಸಿದರೆ ಆಯ್ತಲ್ಲ? 2002ರಲ್ಲಿ ತತ್ವಶಾಸ್ತ್ರಜ್ಞರಾದ ಕ್ರಿಸ್ಟಿಯನ್ ಲಿಸ್ಟ್ ಮತ್ತು ಫಿಲಿಪ್ ಪೆಟಿಟ್ ಅದಕ್ಕೂ ಉತ್ತರ ಸಾಧಿಸಿ ತೋರಿಸಿದರು. ಯಾರ ಅಭಿಪ್ರಾಯ ಹೇಗಿದ್ದರೂ ಲೆಕ್ಕಕ್ಕೆ ಬರಬೇಕು, ಎಲ್ಲರಿಗೂ ಒಂದೇ ತೂಕ, ಎಲ್ಲ ಪ್ರಶ್ನೆಗೂ ಒಂದೇ ಅಳತೆ. ಈ ಮೂರನ್ನೂ ಹಿಡಿದುಕೊಂಡರೆ, ಹೀಗೆ ಹೆಣೆದುಕೊಂಡ ಪ್ರಶ್ನೆಗಳಿಗೆಲ್ಲ ಯಾವಾಗಲೂ ಒಂದಕ್ಕೊಂದು ತಾಳೆಯಾಗುವ ಉತ್ತರ ಕೊಡುವ ವಿಧಾನವೇ ಇಲ್ಲ.

ಹಾಗಾಗಿ ಏನನ್ನಾದರೂ ಬಿಟ್ಟುಕೊಡಲೇಬೇಕು. ಸಮಯ ಕಡಿಮೆ ಇದೆ, ದಾರಿಗಳನ್ನು ಬೇಗ ಹೇಳುತ್ತೇನೆ. ಕಾರಣಗಳಿಗೆ ಮತ ಹಾಕಿ ತೀರ್ಪನ್ನು ಅದರಿಂದ ತೆಗೆಯಬಹುದು. ಅಥವಾ ತೀರ್ಪಿಗೆ ನೇರವಾಗಿ ಮತ ಹಾಕಬಹುದು. ನನ್ನ ಮತ ಮೊದಲನೆಯದಕ್ಕೆ. ಎರಡನೆಯ ದಾರಿಯಲ್ಲಿ ಆ ಮಾಲೀಕ ಸೋತು ಹೊರಗೆ ಬರುತ್ತಾನೆ. ಕರಾರು ಇತ್ತು ಅಂತ ಹೆಚ್ಚಿನವರು ಒಪ್ಪಿದ್ದಾರೆ. ಮುರಿದದ್ದನ್ನೂ ಒಪ್ಪಿದ್ದಾರೆ. ‘ಮತ್ತೆ ನಾನು ಯಾಕೆ ಸೋತೆ?’ ಅಂತ ಅವನು ಕೇಳಿದರೆ, ಪೀಠವಾಗಿ ಕೊಡಲು ಆ ಮೂವರ ಬಳಿ ಒಂದು ಕಾರಣವೂ ಇರುವುದಿಲ್ಲ.