ಕೈಪಿಡಿಯ ಪುಟ ತೆರೆಯದಿದ್ದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ತಂತ್ರಾಂಶ ಕಲಿಯುವವರು ಇಂದು ಅಚ್ಚಾದ ಪುಸ್ತಕಕ್ಕಿಂತ ಹೆಚ್ಚಾಗಿ ಅಂತರಜಾಲದಲ್ಲಿರುವ ಕೈಪಿಡಿಗಳನ್ನೇ ನೆಚ್ಚಿಕೊಂಡಿದ್ದಾರೆ. ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುವ ನನ್ನ ಬಳಿಗೆ ವಿದ್ಯಾರ್ಥಿಗಳು ಪ್ರೋಗ್ರಾಮಿನ ತಪ್ಪು ಹಿಡಿದುಕೊಂಡು ಬರುವಷ್ಟೇ ಸಲ, "ಸರ್, ಪುಟ ಸರಿಯಾಗಿ ಬರ್ತಾ ಇಲ್ಲ" ಎಂದೂ ಬರುತ್ತಾರೆ. ಅವರಲ್ಲಿ ಕೆಲವರು, ವಿಷಯ ತಮ್ಮ ತಲೆಗೇ ಹತ್ತುತ್ತಿಲ್ಲವೆಂದು ನೊಂದುಕೊಂಡಿರುತ್ತಾರೆ. ತೊಂದರೆ ಅವರ ಬುದ್ಧಿಯದಲ್ಲ, ಪುಟ ಅವರ ಕಣ್ಣಿಗೆ ತಲುಪುವ ದಾರಿಯದು ಎಂಬುದನ್ನು ತೋರಿಸಿಕೊಡುವುದೇ ಈ ಮಾತಿನ ಉದ್ದೇಶ.

ಆ ದಾರಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕ್ಯಾಶ್. ಒಮ್ಮೆ ತಂದ ಚಿತ್ರ, ವಿನ್ಯಾಸದ ಕಡತ, ಜಾವಾಸ್ಕ್ರಿಪ್ಟ್ ಕಡತ ಮೊದಲಾದವನ್ನು ಬ್ರೌಸರ್ ಮತ್ತೆ ಮತ್ತೆ ತರುವ ಬದಲು ತನ್ನ ಬಳಿಯೇ ಉಳಿಸಿಕೊಳ್ಳುತ್ತದೆ. ಕೈಪಿಡಿಯ ಹೊಸ ಆವೃತ್ತಿ ಬಂದ ದಿನ, ಹೊಸ ಪುಟಕ್ಕೆ ಹಳೆಯ ವಿನ್ಯಾಸದ ಕಡತ ಜೊತೆಯಾದರೆ, ಎಡಬದಿಯ ವಿಷಯಸೂಚಿ ಪಠ್ಯದ ಮೇಲೆಯೇ ಬಂದು ಕೂರುತ್ತದೆ, ಇಲ್ಲವೇ ಹುಡುಕುವ ಚೌಕ ಯಾವ ಪದಕ್ಕೂ ಉತ್ತರ ಕೊಡುವುದಿಲ್ಲ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಒತ್ತಿಹಿಡಿದು ಆರ್ ಅಕ್ಷರವನ್ನು ಒತ್ತಿದರೆ, ಉಳಿಸಿಟ್ಟದ್ದನ್ನು ಬದಿಗಿಟ್ಟು ಪುಟ ಹೊಸದಾಗಿ ಬರುತ್ತದೆ.

ಇದರಿಂದಲೂ ಸರಿಹೋಗದಿದ್ದರೆ ಅದೇ ವಿಳಾಸವನ್ನು ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ಈ ಕಿಟಕಿಗೆ, ಜಾಲತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಚಿಕ್ಕ ಗುರುತುಗಳಾದ ಹಳೆಯ ಕುಕಿಗಳಾಗಲಿ ಕ್ಯಾಶ್ ಆಗಲಿ ಇರುವುದಿಲ್ಲ. ನಾವೇ ಅನುಮತಿ ಕೊಟ್ಟಿರದ ಹೊರತು, ಬ್ರೌಸರಿಗೆ ನಾವು ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳೂ ಇಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಇಲ್ಲಿ ಸರಿಯಾಗಿ ಕಂಡ ಪುಟ ಮಾಮೂಲಿ ಕಿಟಕಿಯಲ್ಲಿ ಕೆಟ್ಟಿದ್ದರೆ, ಕೈಪಿಡಿ ಬರೆದವರದು ತಪ್ಪಲ್ಲವೆಂದು ಬಹುಮಟ್ಟಿಗೆ ಖಚಿತವಾಯಿತು. ಬಳಿಕ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬನ್ನಿ. ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕಿದರೆ ಪುಟವೇನೋ ಬರುತ್ತದೆ, ಆದರೆ ಕಾರಣ ತಿಳಿಯುವುದಿಲ್ಲ. ನಾಳೆ ಅದೇ ತೊಂದರೆ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬಂದರೆ, ಮುಂದುವರಿಯುವ ಗುಂಡಿ ಒತ್ತುವ ಮೊದಲು ಕಂಪ್ಯೂಟರಿನ ದಿನಾಂಕವನ್ನು ನೋಡಿ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಜಾಲತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂತಿಷ್ಟೇ ಅವಧಿ ಎಂದಿರುವುದರಿಂದ, ಆ ಗಡಿಯಾರದ ಲೆಕ್ಕದಲ್ಲಿ ಅದು ಇನ್ನೂ ಜಾರಿಗೇ ಬಂದಿರುವುದಿಲ್ಲ. ದಿನಾಂಕ ಸರಿಪಡಿಸಿದರೆ ಎಚ್ಚರಿಕೆ ತಾನಾಗಿಯೇ ಹೋಗುತ್ತದೆ.

ನೆಟ್‌ವರ್ಕ್ ಸರಿಯಾಗಿ ಸಿಗದ ಊರುಗಳ ವಿದ್ಯಾರ್ಥಿಗಳು ಇಡೀ ಕೈಪಿಡಿಯನ್ನು ಇಳಿಸಿಕೊಂಡು ಮನೆಗೆ ಒಯ್ಯುತ್ತಾರೆ. ಅದು ಬಹಳ ಒಳ್ಳೆಯ ಅಭ್ಯಾಸ. ಪೈಥಾನ್ ಭಾಷೆಯ ಅಧಿಕೃತ ಕೈಪಿಡಿಯಂಥವು ಹೀಗೆಂದೇ ಸಿಗುತ್ತವೆ. ಆದರೆ ಕೆಲವು ಕೈಪಿಡಿಗಳಲ್ಲಿ, ಪುಟವೆಲ್ಲ ಕಂಡರೂ ಹುಡುಕುವ ಚೌಕ ಮಾತ್ರ ಸತ್ತಂತಿರುತ್ತದೆ. ಇದಕ್ಕೆ ಕಾರಣ ಬ್ರೌಸರಿನ ಭದ್ರತಾ ನಿಯಮ. ಹುಡುಕಾಟಕ್ಕೆ ಆ ಪುಟ ಪಕ್ಕದ ಕಡತದಲ್ಲಿರುವ ಪದಸೂಚಿಯನ್ನು ಓದಬೇಕಾಗುತ್ತದೆ. ಡಿಸ್ಕಿನಿಂದ ನೇರವಾಗಿ ತೆರೆದ ಒಂದು ಕಡತ ಪಕ್ಕದ ಇನ್ನೊಂದು ಕಡತವನ್ನು ಓದಲು ಕ್ರೋಮ್ ಬಹುಕಾಲದಿಂದ ಬಿಡುತ್ತಿಲ್ಲ. ಫೈರ್‌ಫಾಕ್ಸ್ ಸಹ 2019ರ ಜುಲೈಯಲ್ಲಿ ಬಂದ 68ನೇ ಆವೃತ್ತಿಯಿಂದ ಹಾಗೆಯೇ ಮಾಡುತ್ತಿದೆ. ದುರುದ್ದೇಶದ ಒಂದು ಕಡತವನ್ನು ಅರಿಯದೆ ತೆರೆದಾಗ ಅದು ನಮ್ಮ ಉಳಿದ ಕಡತಗಳನ್ನು ಕದಿಯಬಾರದೆಂಬುದೇ ನಿಯಮದ ಆಶಯ, ಹಾಗಾಗಿ ಅದನ್ನು ಸಡಿಲಿಸುವ ಉಪಾಯವನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಅದರ ಬದಲು, ಪೈಥಾನ್ ಜೊತೆಗೇ ಬರುವ, ಕಡತಗಳನ್ನು ಜಾಲತಾಣದಂತೆ ಬ್ರೌಸರಿಗೆ ಒದಗಿಸುವ ಚಿಕ್ಕ ಎಚ್‌ಟಿಟಿಪಿ ಸರ್ವರನ್ನು ಕೈಪಿಡಿಯ ಫೋಲ್ಡರಿನಲ್ಲಿ ಚಾಲೂ ಮಾಡಿ, ಬ್ರೌಸರಿನ ವಿಳಾಸಪಟ್ಟಿಯಲ್ಲಿ ನಮ್ಮದೇ ಕಂಪ್ಯೂಟರನ್ನು ಸೂಚಿಸುವ ಲೋಕಲ್‌ಹೋಸ್ಟ್ ಎಂದೂ 8000 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ತೆರೆದರೆ, ಅಂತರಜಾಲವಿಲ್ಲದೆಯೇ ಹುಡುಕಾಟ ಮತ್ತೆ ಜೀವ ತಳೆಯುತ್ತದೆ.

ವಿಂಡೋಸ್‌ನ ಹಳೆಯ ಸಿಎಚ್‌ಎಂ ಕೈಪಿಡಿಗಳನ್ನು, ಅಂದರೆ ಇಡೀ ಕೈಪಿಡಿಯನ್ನು ಒಂದೇ ಕಡತದಲ್ಲಿ ಅಡಕ ಮಾಡಿದವನ್ನು, ಇಂದಿಗೂ ಹಂಚಿಕೊಳ್ಳುವವರಿದ್ದಾರೆ. ಇಳಿಸಿಕೊಂಡ ಇಂಥ ಕಡತದಲ್ಲಿ ಎಡಗಡೆ ವಿಷಯಸೂಚಿ ಕಂಡು ಬಲಗಡೆ ಖಾಲಿ ಉಳಿದರೆ, ವಿಂಡೋಸ್ ಅದನ್ನು ತಡೆಹಿಡಿದಿದೆ ಎಂದರ್ಥ. ಮೂಲ ನಂಬಿಕಸ್ಥವೆಂದು ಖಾತ್ರಿಯಾದ ಮೇಲೆ, ಕಡತದ ಪ್ರಾಪರ್ಟೀಸ್‌ನಲ್ಲಿರುವ ಅನ್‌ಬ್ಲಾಕ್ ಗುರುತನ್ನು ಒತ್ತಬೇಕು. ಅಷ್ಟಾದರೂ ತೆರೆಯದಿದ್ದರೆ ಫೋಲ್ಡರಿನ ಹೆಸರು ನೋಡಿ: ಸಿ ಶಾರ್ಪ್ ಕಲಿಯುವವರು ಫೋಲ್ಡರಿಗೆ ಆ ಭಾಷೆಯ ಹೆಸರನ್ನೇ ಇಡುತ್ತಾರೆ, ಆ ಹೆಸರನ್ನು ಬರೆಯುವಾಗ ಸಿ ಅಕ್ಷರದ ನಂತರ ಹಾಕುವ ಹ್ಯಾಶ್ ಚಿಹ್ನೆಯೇ ಈ ಕಡತಗಳಿಗೆ ಆಗಿಬರುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಕಳವಳ ತರುವುದು, ಚೆನ್ನಾಗಿಯೇ ತೆರೆದುಕೊಂಡು ತಪ್ಪು ಹೇಳುವ ಪುಟ. ಹಿಂದೆ ಹಲವು ಸಲ ತೆರೆದ ವಿಳಾಸವನ್ನು ಬ್ರೌಸರ್ ತಾನೇ ತುಂಬಿಸುವುದರಿಂದ, ಹಳೆಯ ಆವೃತ್ತಿಯ ಕೈಪಿಡಿ ನಮಗೆ ಗೊತ್ತಿಲ್ಲದೆಯೇ ಎದುರಿಗೆ ಬಂದಿರುತ್ತದೆ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಆದರೂ ಅದರ ಪುಟಗಳು ಜಾಲದಲ್ಲಿ ಉಳಿದಿವೆ, ಉಳಿಯಲೂಬೇಕು. ಅಲ್ಲಿರುವಂತೆ ರಾ ಇನ್‌ಪುಟ್ ಎಂಬ ಫಂಕ್ಷನ್ ಬರೆದ ಹುಡುಗಿಯೊಬ್ಬಳು, ಅದು ಪೈಥಾನ್ 3ರಲ್ಲಿ ಇಲ್ಲವೆಂದು ತಿಳಿಯದೆ ಇಡೀ ಮಧ್ಯಾಹ್ನ ತನ್ನ ಸಾಲುಗಳನ್ನೇ ತಿದ್ದುತ್ತಾ ಕುಳಿತಿದ್ದಳು. ಪುಟದ ಮೇಲ್ಭಾಗದಲ್ಲೂ ವಿಳಾಸದಲ್ಲೂ ಆವೃತ್ತಿಯ ಸಂಖ್ಯೆ ಇದ್ದೇ ಇತ್ತು. ಅಂದಿನಿಂದ ನಾನು ಪ್ರತಿ ತರಗತಿಯಲ್ಲೂ ಮೊದಲು ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿಸುತ್ತೇನೆ.

ಇನ್ನೊಂದು ಬ್ರೌಸರಿನಲ್ಲೂ ಇನ್ನೊಂದು ಯಂತ್ರದಲ್ಲೂ ಪುಟ ಹಾಗೆಯೇ ಕೆಟ್ಟಿದ್ದರೆ, ಕೈಪಿಡಿಯನ್ನು ನಡೆಸುವವರಿಗೆ ತಿಳಿಸಿ. ಪುಟದ ಪೂರ್ಣ ವಿಳಾಸ, ಬ್ರೌಸರಿನ ಹೆಸರು ಮತ್ತು ಆವೃತ್ತಿ, ಎಫ್ 12 ಕೀಲಿ ಒತ್ತಿದಾಗ ಪುಟದ ದೋಷಗಳನ್ನು ಬ್ರೌಸರ್ ಬರೆದಿಡುವ ಕನ್ಸೋಲಿನಲ್ಲಿ ಕಾಣುವ ಮೊದಲ ಕೆಂಪು ಸಾಲು, ನೀವು ಈಗಾಗಲೇ ಮಾಡಿನೋಡಿದ ಪರೀಕ್ಷೆಗಳು, ಇಷ್ಟಿದ್ದರೆ ಅವರಿಗೆ ಕೆಲಸ ಸಲೀಸು. ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಎಂಬ ಸಂಕೋಚದಿಂದ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಈ ವಿವರಗಳಿದ್ದರೆ ಎರಡು ಸಾದಾ ವಾಕ್ಯಗಳೇ ಸಾಕು. ನಮಸ್ಕಾರ.